ಚುಕ್ಕಿಗೆ ನಾನು ಹಾರಲು ಕಲಿಸಿದ್ದು

ಕಳೆದ ವರ್ಷ ಡಿಸೆಂಬರಿನ ಆ ಭಾನುವಾರವೂ ನಾನು ಎದ್ದದ್ದು ಐದು ಗಂಟೆಗೇ. ಹೊನ್ನಾಳಿಯ ನಮ್ಮ ಮನೆಯಲ್ಲಿ ಒಲೆ ಮೊದಲು ಹತ್ತುವುದು ಹಾಲಿಗಲ್ಲ, ನಾಯಿಗಳ ರಾಗಿ ಗಂಜಿಗೆ. ಗಂಜಿ ಆರುವ ಹೊತ್ತಿಗೆ ಅಂಗಳ ಗುಡಿಸಿ, ರಂಗೋಲಿ ಎಳೆದು, ಬೇಯಿಸಿದ ಕೋಳಿ ಲಿವರನ್ನು ಬಟಾಣಿ ಕಾಳಿನಷ್ಟು ಸಣ್ಣಗೆ ಹೆಚ್ಚಿ ಡಬ್ಬಿಗೆ ತುಂಬಿದೆ. ಓಡುವ ದಿನ ನಾಯಿಗೆ ಅರ್ಧ ಊಟ ಮಾತ್ರ. ಚುಕ್ಕಿ ತಟ್ಟೆಯನ್ನು ನೆಕ್ಕಿ, ಮೂತಿಯಿಂದ ಅದನ್ನು ಅಡಿಗೆಮನೆಯ ಹೊಸ್ತಿಲವರೆಗೆ ತಳ್ಳಿಕೊಂಡು ಬಂದು ನನ್ನ ಮುಖ ನೋಡಿತು. ಉಗುರು ಪರೀಕ್ಷಿಸಿದೆ, ಮೈ ಬಾಚಿದೆ. ಕೊನೆಗೆ ಅದು ಮಲಗುತ್ತಿದ್ದ ಗೋಣಿಚೀಲವನ್ನೂ ಸುತ್ತಿ ಕಾರಿನಲ್ಲಿಟ್ಟೆ.

"ಗೋಣಿ ಯಾಕೆ?" ಎಂದರು ನಮ್ಮ ಮನೆಯವರು.

"ಅದರ ವಾಸನೆ ಇದ್ರೆ ಹೊಸ ಜಾಗದಲ್ಲಿ ನಿದ್ದೆ ಮಾಡುತ್ತೆ," ಎಂದೆ.

ಆ ದಿನ ನಮಗೆ ಚನ್ನಗಿರಿಯಲ್ಲಿ ಎರಡು ಕೆಲಸವಿತ್ತು. ಮೊದಲನೆಯದು ಸ್ಪರ್ಧೆ. ಎರಡನೆಯದು ಚುಕ್ಕಿಯನ್ನು ಅದರ ಒಡತಿಗೆ ಒಪ್ಪಿಸಿ ಬರುವುದು.

ಅರ್ಜಿಗಳಲ್ಲಿ ಉದ್ಯೋಗ ಎಂದಿರುವ ಕಡೆ ನಾನು ಗೃಹಿಣಿ ಎಂದೇ ಬರೆಯುತ್ತೇನೆ. ಆದರೆ ಹನ್ನೆರಡು ವರ್ಷಗಳಿಂದ ಗಾಯಗೊಂಡ, ಬೀದಿಗೆ ಬಿದ್ದ ನಾಯಿಗಳನ್ನು ತಂದು, ಗುಣಪಡಿಸಿ, ತರಬೇತಿ ಕೊಟ್ಟು ಒಂದೊಂದು ಮನೆ ಹುಡುಕಿಕೊಡುವುದು ನನ್ನ ಕೆಲಸ. ಪ್ರತಿ ನಾಯಿಗೂ ಒಂದು ನೋಟ್‌ಬುಕ್ ಇಡುತ್ತೇನೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹಚ್ಚಿದ ಅಭ್ಯಾಸ ಅದು. ಎಡಕ್ಕೆ ಮಾರ್ಜಿನ್, ಬಲಕ್ಕೆ ಟಿಪ್ಪಣಿ.

ಚುಕ್ಕಿ ಸಿಕ್ಕಿದ್ದು ಅದರ ಹಿಂದಿನ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ, ನ್ಯಾಮತಿ ರಸ್ತೆಯ ಬದಿಯ ಕಾಲುವೆಯಲ್ಲಿ. ಯಾವುದೋ ವಾಹನ ಬಡಿದು ಬಲಗಡೆಯ ಹಿಂಗಾಲು ಮುರಿದಿತ್ತು. ಕಂದು ಮೈ, ಎದೆಯ ಮೇಲೆ ಬಿಳಿ ಮಚ್ಚೆ, ಎರಡೂ ಕಿವಿಯ ತುದಿ ಕತ್ತರಿಸಿದ್ದರು. ಆರು ವಾರ ಪಟ್ಟಿಯಲ್ಲಿತ್ತು. ಮೂಳೆ ಕೂಡಿದ ಮೇಲೆ ಅದರ ಓಟ ನೋಡಿ ನನಗೆ ಅಜಿಲಿಟಿಯ ಯೋಚನೆ ಬಂತು.

ಅಜಿಲಿಟಿ ಎಂದರೆ ನಾಯಿಗಳ ಅಡೆತಡೆ ಓಟ. ಕೊಳವೆಯೊಳಗೆ ನುಗ್ಗಬೇಕು, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನಂತೆ ಹಾಯಬೇಕು, ಇಳಿಜಾರು ಹಲಗೆ ಹತ್ತಿ ಇಳಿಯಬೇಕು, ಅಡ್ಡಪಟ್ಟಿಗಳನ್ನು ಹಾರಬೇಕು. ಜೊತೆಗೆ ಓಡುವವರು ಕೈಸನ್ನೆ ಮಾಡಬಹುದು, ನಾಯಿಯನ್ನು ಮುಟ್ಟುವಂತಿಲ್ಲ. ಅಡೆತಡೆಯ ಮುಂದೆ ನಿಂತರೆ ಅಥವಾ ಅದಕ್ಕೆ ಸುತ್ತು ಹಾಕಿಕೊಂಡು ಹೋದರೆ ಅದು 'ರಿಫ್ಯೂಸಲ್'. ಮೂರು ರಿಫ್ಯೂಸಲ್ ಆದರೆ ಸ್ಪರ್ಧೆಯಿಂದ ಹೊರಗೆ.

ಹಿತ್ತಲಿನಲ್ಲಿ ಪಿವಿಸಿ ಪೈಪು, ಹಳೆಯ ಟೈರು, ಬಾಗಿಲ ಹಲಗೆಗಳಿಂದ ಎಲ್ಲವನ್ನೂ ಮಾಡಿಕೊಂಡೆ. ಕೊಳವೆಯನ್ನು ಚುಕ್ಕಿ ಎರಡೇ ದಿನದಲ್ಲಿ ಕಲಿಯಿತು, ಕೋಲುಗಳನ್ನು ಮೂರು ವಾರದಲ್ಲಿ. ಅಡ್ಡಪಟ್ಟಿ ಮಾತ್ರ ಆಗಲಿಲ್ಲ. ಓಡಿ ಬರುವುದು, ಪಟ್ಟಿಯ ಹತ್ತಿರ ವೇಗ ತಗ್ಗಿಸುವುದು, ಅದರ ಉದ್ದಕ್ಕೂ ನಡೆದು ಸುತ್ತು ಹಾಕಿ ನನ್ನೆದುರು ಬಂದು ಕೂರುವುದು. ಪಟ್ಟಿಯನ್ನು ಪಾದದ ಮಟ್ಟಕ್ಕೆ ಇಳಿಸಿದೆ. ಆಗಲೂ ಸುತ್ತು. ನೆಲದ ಮೇಲೆ ಬರಿ ಹಗ್ಗ ಎಳೆದೆ. ಅದಕ್ಕೂ ಸುತ್ತು. ಪಶುವೈದ್ಯರು ಎಕ್ಸ್‌ರೇ ನೋಡಿ ಮೂಳೆಯಲ್ಲಿ ತೊಂದರೆ ಇಲ್ಲ ಎಂದರು. ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡದ್ದು ಇಷ್ಟು: 'ಪೆಟ್ಟಿನ ಭಯ. ತಾಳ್ಮೆ ಬೇಕು.'

ನಾಲ್ಕು ತಿಂಗಳು ತಾಳ್ಮೆಯಿಂದಿದ್ದೆ. ಸುತ್ತು ಹಾಕದಂತೆ ಎರಡೂ ಕಡೆ ತಗಡು ನಿಲ್ಲಿಸಿ, ಪಟ್ಟಿಯ ಆಚೆ ಲಿವರ್ ಹಿಡಿದು ಕೂರುತ್ತಿದ್ದೆ. ನಡುಗುತ್ತಿತ್ತು, ಜೊಲ್ಲು ಸುರಿಸುತ್ತಿತ್ತು, ನನ್ನನ್ನು ನೋಡಿ ಮುಖ ತಿರುಗಿಸುತ್ತಿತ್ತು. ಒಂದು ಸಂಜೆ ಹಾರಿತು. ಹಾರಿದ ಮೇಲೆ ಬೈಗುಳಕ್ಕೆ ಕಾದಂತೆ ನೆಲಕ್ಕೆ ಅಂಟಿ ಮಲಗಿತು. ನಾನು ಕುಣಿದಾಡಿ, ಡಬ್ಬಿಯಲ್ಲಿದ್ದ ಲಿವರೆಲ್ಲ ತಿನ್ನಿಸಿದೆ. ಆಮೇಲೆ ತಿಂಗಳೊಳಗೆ ಒಂದೂವರೆ ಅಡಿ ಎತ್ತರವನ್ನು ನಗುನಗುತ್ತಾ ದಾಟುವಂತಾಯಿತು.

ಸ್ಪರ್ಧೆಗೆ ಒಂದು ವಾರ ಇದ್ದಾಗ ಫೋನು ಬಂತು. ಪಶು ಆಸ್ಪತ್ರೆಯ ಕಾಂಪೌಂಡರ್ ಬಳಿ ನಾನು ಬಿಟ್ಟಿದ್ದ ಚುಕ್ಕಿಯ ಫೋಟೋವನ್ನು ಕುರಿಗಳಿಗೆ ಜಂತುಹುಳದ ಔಷಧಿ ಒಯ್ಯಲು ಬಂದ ಹೆಂಗಸೊಬ್ಬರು ಗುರುತಿಸಿದ್ದರು. ಹೆಸರು ಕೆಂಚಮ್ಮ, ಜಗಳೂರು ತಾಲ್ಲೂಕಿನ ಬಿಳಿಚೋಡಿನವರು. ಕೊಯ್ಲಾದ ಗದ್ದೆಗಳಲ್ಲಿ ಕುರಿ ಮಂದೆ ನಿಲ್ಲಿಸಲು ಪ್ರತಿ ವರ್ಷ ನಮ್ಮ ಕಡೆ ಬರುತ್ತಾರೆ. ಹಿಂದಿನ ವರ್ಷ ನಾಯಿ ಕಾಣದೆ ಎರಡು ದಿನ ಹುಡುಕಿದ್ದರಂತೆ. ಅದು ಹೋದ ಮೇಲೆ ಊರ ಕಡೆ ತೋಳಗಳು ಏಳು ಕುರಿಮರಿ ಎತ್ತಿಕೊಂಡು ಹೋಗಿದ್ದವು. ಈಗ ಚನ್ನಗಿರಿ ಹತ್ತಿರವೇ ಇದ್ದರು. "ನಮ್ಮ ನಾಯಿ ಕೊಡ್ರಿ ಅಮ್ಮಾರೆ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದರು. ಕೊಡುವುದೇ ನ್ಯಾಯವೆನಿಸಿತು. ಸ್ಪರ್ಧೆಯ ಮೈದಾನಕ್ಕೇ ಬರಲು ಹೇಳಿದೆ.

ಅವರು ನಮಗಿಂತ ಮೊದಲೇ ಬಂದು ಗೇಟಿನ ಬಳಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಚುಕ್ಕಿ ಕಾರಿನಿಂದ ಇಳಿದು ಮೂಗು ಎತ್ತಿತು. ಮರುಕ್ಷಣ ನನ್ನ ಕೈಯ ಹಗ್ಗ ಕಿತ್ತುಕೊಂಡು ಹೋಗಿ ಅವರ ಮಡಿಲಿಗೆ ಬಿತ್ತು.

"ದಪ್ಪಗಾಗೀಯಲ್ಲೇ ನಾಗಿ! ಅಮ್ಮಾರ ಮನೇಲಿ ದಿನಾ ಹೋಳಿಗೆನಾ?" ಎಂದು ಕೆಂಚಮ್ಮ ಅದರ ಮೊಂಡು ಕಿವಿ ಹಿಂಡಿದರು. ಕಣ್ಣು ಒರೆಸಿಕೊಂಡರು.

ಒಟ್ಟು ಹದಿನಾಲ್ಕು ನಾಯಿಗಳು ಓಡಿದವು. ಚುಕ್ಕಿ ಒಂದನ್ನೂ ತಪ್ಪಿಸಲಿಲ್ಲ. ಐದು ಅಡ್ಡಪಟ್ಟಿಗಳನ್ನೂ ಪಟ್ಟಿ ಅಲುಗದಂತೆ ಹಾರಿತು. ಎರಡನೆಯ ಬಹುಮಾನ. ಕಪ್ ಹಿಡಿದು ನಾನು ಕೆಂಚಮ್ಮನ ಬಳಿ ಬಂದಾಗ ಸುತ್ತಲಿನವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಅವರು ಮಾತ್ರ ಅಡ್ಡಪಟ್ಟಿಗಳನ್ನೇ ನೋಡುತ್ತಿದ್ದರು.

"ಅಮ್ಮಾರೆ, ಇದಕ್ಕೆ ಹಾರಾಕೆ ಕಲಿಸಿದ್ದು ಯಾರು?"

"ನಾನೇ. ನಾಲ್ಕು ತಿಂಗಳು ಹಿಡೀತು. ಮೊದಲು ಹಾರ್ತಾನೇ ಇರ್ಲಿಲ್ಲ, ಸುತ್ತು ಹಾಕ್ಕೊಂಡು ಬರೋದು. ಕಾಲು ಮುರಿದ ಭಯ ಇರ್ಬೇಕು ಅಂತ..."

"ಭಯ ಅಲ್ರೀ. ಅದು ಅದರ ಕೆಲಸ."

ಆಮೇಲೆ ಅವರು ಬಿಡಿಸಿ ಹೇಳಿದರು. ರಾತ್ರಿ ಕುರಿಗಳೆಲ್ಲ ಗೂಟಕ್ಕೆ ಕಟ್ಟಿದ ಬಲೆಯ ಒಳಗೆ, ನಾಯಿ ಹೊರಗೆ. "ಬೆಳಗಾನ ಸುತ್ತು ಹಾಕ್ತಾ ಇರ್ಬೇಕು. ಬಲೆ ಹಾರಿ ಒಳಗೆ ಬಿತ್ತು ಅಂದ್ರೆ ಕುರಿ ಬೆದರಿ ಬಲೆ ಕಿತ್ಕೊಂಡು ಓಡ್ತವೆ. ಮರಿ ಕಾಲಡಿ ಸಿಕ್ಕು ಸಾಯ್ತವೆ. ಇದು ಕುನ್ನಿ ಇದ್ದಾಗಿಂದ ಒಂದೇ ಪಾಠ ರೀ, ಅಡ್ಡ ಕಂಡ್ರೆ ಸುತ್ತು ಹಾಕು ಅಂತ. ವರ್ಷ ಹಿಡಿದಿತ್ತು ನನಗೆ."

"ನನಗೆ ಸ್ವಲ್ಪ ಟೈಮ್ ಕೊಡಿ. ಹಾರೋದನ್ನ ಬಿಡಿಸ್ತೀನಿ."

"ಬಿಡಿಸ್ತೀರಿ. ಒಂದಿನಾನೂ ಹಾರಲ್ಲ ಅಂತ ಮಾತು ಕೊಡ್ತೀರಾ?"

ತಿಂಡಿ ಕೊಟ್ಟು, ಸಂತೋಷಪಡಿಸಿ ಕಲಿಸಿದ್ದನ್ನು ನಾಯಿಯಿಂದ ಪೂರ್ತಿ ಅಳಿಸಲಾಗುವುದಿಲ್ಲ. ಉದ್ವೇಗದಲ್ಲಿ ಅದು ತಾನಾಗಿ ಹೊರಬರುತ್ತದೆ. ಇದು ನನಗೆ ಗೊತ್ತಿತ್ತು.

ಮೈದಾನದ ಸುತ್ತ ಸೊಂಟದೆತ್ತರಕ್ಕೆ ಬಲೆ ಕಟ್ಟಿದ್ದರು, ಹತ್ತು ಹೆಜ್ಜೆ ಆಚೆ ದಾರಿ ಬಿಟ್ಟಿದ್ದರು. ಕೆಂಚಮ್ಮ ಆ ದಾರಿಯಲ್ಲಿ ಹೊರಗೆ ಹೋಗಿ, ತಿರುಗಿ ನಿಂತು "ನಾಗೀ" ಎಂದು ಕರೆದರು. ಚುಕ್ಕಿ ದಾರಿ ಹುಡುಕಲಿಲ್ಲ. ಒಂದೇ ನೆಗೆತಕ್ಕೆ ಬಲೆ ದಾಟಿ ಅವರ ಕಾಲ ಬಳಿ ನಿಂತು ಬಾಲ ಅಲ್ಲಾಡಿಸಿತು. ಆ ದಿನದ ಎಲ್ಲ ನೆಗೆತಗಳಿಗಿಂತ ಅದು ಎತ್ತರವಾಗಿತ್ತು.

ಅವರು ಅದರ ತಲೆ ಸವರಿದರು. ಆಮೇಲೆ ದಾರಿಯಲ್ಲೇ ಅದನ್ನು ನಡೆಸಿಕೊಂಡು ಬಂದು ಅದರ ಕೊರಳ ಹಗ್ಗವನ್ನು ನನ್ನ ಕೈಗಿಟ್ಟರು.

"ಚಲೋನೇ ಕಲಿಸೀರಿ. ನಮಗೆ ಆಗಿಬರಲ್ಲ, ಅಷ್ಟೆ."

"ಒಳ್ಳೆ ನಾಯಿಮರಿ ಒಂದು ಹುಡುಕಿಕೊಡ್ಲಾ, ಕೆಂಚಮ್ಮ?"

"ಮರಿಗೇನು, ಸಿಗ್ತವೆ. ವರ್ಷ ಎಲ್ಲಿಂದ ತರಾದು?" ಎಂದು ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊರಟರು. ಚುಕ್ಕಿ ಹಗ್ಗ ಎಳೆಯಿತು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಗಾಯಗೊಂಡು ಬಂದ ನಾಯಿ ಏನೂ ಕಲಿಯದೆ ಬಂದಿದೆ ಎಂದುಕೊಳ್ಳುವುದು ಈ ಕೆಲಸದ ದೊಡ್ಡ ತಪ್ಪು. ಅದು ಮಾಡಲಾರೆ ಎನ್ನುವುದನ್ನೆಲ್ಲ ನಾನು ಭಯದ ಲೆಕ್ಕಕ್ಕೆ ಹಾಕುತ್ತಿದ್ದೆ; ಅದರಲ್ಲಿ ಯಾರದೋ ಒಂದು ವರ್ಷದ ಶ್ರಮ ಇರಬಹುದೆಂದು ಹೊಳೆದಿರಲಿಲ್ಲ. ಈಗ ಹೊಸ ನಾಯಿ ಬಂದರೆ ಮೊದಲ ತಿಂಗಳು ಏನನ್ನೂ ಕಲಿಸುವುದಿಲ್ಲ. ಅದು ಯಾವುದನ್ನು ಮಾಡುವುದಿಲ್ಲ ಎಂಬುದನ್ನಷ್ಟೇ ಬರೆದುಕೊಳ್ಳುತ್ತೇನೆ, ಕಾರಣದ ಜಾಗವನ್ನು ಖಾಲಿ ಬಿಡುತ್ತೇನೆ.

ನಾವು ಹೊನ್ನಾಳಿ ತಲುಪಿದಾಗ ಆರು ಗಂಟೆ. ಚುಕ್ಕಿಯನ್ನು ಒಪ್ಪಿಸಲು ಹೋಗಿದ್ದೇವೆಂದು ಗೊತ್ತಿದ್ದ ಪಕ್ಕದ ಮನೆಯ ಗಿರಿಜಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಒಂದು ಕೈಯಲ್ಲಿ ಕಪ್, ಒಂದು ಕೈಯಲ್ಲಿ ಚುಕ್ಕಿಯನ್ನು ಹಿಡಿದು ಇಳಿದ ನನ್ನನ್ನು ಕಂಡು, ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಕೇಳಿದರು:

"ಏನ್ರೀ, ಗೆದ್ದಿದ್ದಕ್ಕೆ ನಾಯಿನೂ ನಿಮಗೇ ಕೊಟ್ರಾ?"