ಅಲ್ಲಾವುದ್ದೀನರು ಬೇಕೆಂದೇ ಕೆಡಿಸಿದ ತಗಡು

೧೯೮೬ರಲ್ಲಿ ಇನ್‌ಸ್ಪೆಕ್ಟರ್ ಶಂಭುಲಿಂಗಪ್ಪನವರು ಕಲಘಟಗಿಯ ನಮ್ಮ ಹೈಸ್ಕೂಲಿಗೆ ತಪಾಸಣೆಗೆ ಬಂದ ದಿನ, ವಿಜ್ಞಾನ ಶಿಕ್ಷಕಿಯಾದ ನಾನು ಒಂಬತ್ತನೆಯ ಇಯತ್ತೆಯ ಎದುರು ಕರೆಂಟು ಹಾಯಿಸಿ ನೀರನ್ನು ಒಡೆಯಲು ನಿಂತಿದ್ದೆ. ಗಾಜಿನ ತೊಟ್ಟಿಯಲ್ಲಿ ಕಾಸ್ಟಿಕ್ ಸೋಡಾ ಕಲಸಿದ ನೀರು, ಅದರಲ್ಲಿ ಎರಡು ನಿಕ್ಕಲ್ ತಗಡು, ತಗಡಿಗೆ ಎರಡು ವೋಲ್ಟಿನ ಬ್ಯಾಟರಿ. ಒಂದು ತಗಡಿನಿಂದ ಏಳುವ ಜಲಜನಕವನ್ನು ಬೋರಲು ನಳಿಕೆಯಲ್ಲಿ ಹಿಡಿದು ಕಡ್ಡಿ ತೋರಿಸಿದರೆ 'ಟಪ್' ಅನ್ನಬೇಕು. ಹುಡುಗರು ಕಿವಿ ಮುಚ್ಚಿಕೊಂಡು ಕೂತರು. ಹತ್ತು ನಿಮಿಷವಾಯಿತು. ಗುಳ್ಳೆಗಳು ಸರಕಾರಿ ಕಡತದ ಹಾಗೆ ಒಂದೊಂದೇ ಮೇಲೇಳುತ್ತಿದ್ದವು. ಜಲವೂ ಇತ್ತು, ಜನವೂ ಇದ್ದರು. ಜಲಜನಕ ಮಾತ್ರ ನಳಿಕೆ ತುಂಬುವಷ್ಟು ಬರಲಿಲ್ಲ. ಹುಡುಗರ ಕೈ ಸೋತು ಕಿವಿಯಿಂದ ಇಳಿದವು.

ತಗಡು ಎತ್ತಿ ನೋಡಿದೆ. ಧಾರವಾಡದ ಕಾಲೇಜಿನಲ್ಲಿದ್ದ ಗೆಳತಿಯಿಂದ ತಂದಾಗ ಅವು ಒಲೆಯ ಮೇಲಿನ ಗಡಿಗೆಯ ತಳದಂತೆ ಕರ್ರಗಿದ್ದವು. ಈಗ ಕನ್ನಡಿ. ಶಂಭುಲಿಂಗಪ್ಪನವರು ಬಗ್ಗಿದವರು ಅದರಲ್ಲಿ ತಮ್ಮ ಮೀಸೆಯನ್ನೇ ಕಂಡು, ಇದನ್ನು ತಿಕ್ಕಿದವರು ಯಾರು ಎಂದು ಕೇಳಿದರು. ಹಿಂದಿನ ಗೋಡೆಗೆ ನಿಂತಿದ್ದ ಅಲ್ಲಾವುದ್ದೀನರು, ಶಹಬ್ಬಾಸ್ ಸಿಗುವ ಹೊತ್ತು ಬಂತೆಂದು ತಿಳಿದು, ಮುಂದೆ ಬಂದು ಕೈಮುಗಿದರು.

"ನಾನ ರೀ ಸಾಹೇಬ್ರ. ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೀನ್ರಿ. ಭಾಳ ಹೊಲಸಾಗಿದ್ವು."

ಅಲ್ಲಾವುದ್ದೀನರು ನಮ್ಮ ಪ್ರಯೋಗಶಾಲೆಯ ಹಂಗಾಮಿ ಜವಾನರು. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ಕಲಾಯಿ ಹಾಕಿದವರು. ಮಿಶ್ರಿಕೋಟಿಯವರೆಗಿನ ಹಿತ್ತಾಳೆ ಪಾತ್ರೆಗಳೆಲ್ಲ ಅವರ ಕೈಯಲ್ಲಿ ಬೆಳ್ಳಗಾಗಿದ್ದವು. ಕಲೆ ತೆಗೆಯುವುದೇ ಅವರ ಕಲೆ. ನಡುವೆ ಹುಬ್ಬಳ್ಳಿಯಲ್ಲಿ ಸೈಕಲ್ಲಿನ ಹ್ಯಾಂಡಲ್ಲಿಗೆ ನಿಕ್ಕಲ್ ಲೇಪ ಕೊಡುವುದನ್ನೂ ಕಲಿತು ಬಂದಿದ್ದರು. ಆಮೇಲೆ ಮನೆಮನೆಗೆ ಸ್ಟೀಲು ಬಂದು ಅವರ ಕೆಲಸವನ್ನು ಕದ್ದಿತು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿತ ನನಗೆ, ಸ್ಟೀಲು ಕದಿಯುವುದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವರಿಗೆ ಉಳಿದದ್ದು ಈ ಜವಾನಿಕೆ ಒಂದೇ, ಅದೂ ಆರು ತಿಂಗಳಿಗೊಮ್ಮೆ ಮುಗಿಯುವಂಥದು. ಅವರನ್ನು ಕಾಯಂ ಮಾಡುವ ಕಾಗದ ಅಂದು ಸಾಹೇಬರ ಚೀಲದಲ್ಲೇ ಇತ್ತು, ಸಹಿಯೊಂದು ಬೀಳಬೇಕಿತ್ತು.

ಪೆನ್ನಿನ ಟೊಪ್ಪಿಗೆ ತೆಗೆದಿದ್ದ ಸಾಹೇಬರು ಅದನ್ನು ಮತ್ತೆ ಹಾಕಿದರು. "ಯಾವುದು ಒರಸಬೇಕು, ಯಾವುದು ಬಿಡಬೇಕು ತಿಳೀದವರನ್ನ ಹೆಂಗ ಕಾಯಂ ಮಾಡೂದ್ರಿ ಅಕ್ಕಾರ?"

ತಪ್ಪು ನನ್ನದು, ಆ ಕರಿ ಏನೆಂದು ನಾನು ಅವರಿಗೆ ಹೇಳಿರಲೇ ಇಲ್ಲ ಎಂದೆ. ಶಂಭುಲಿಂಗಪ್ಪನವರು ಒಳ್ಳೆಯವರು, ಅವರ ಹೊಟ್ಟೆ ತಣ್ಣಗಿರಲಿ. ಶನಿವಾರ ಅಳ್ನಾವರದಿಂದ ಇದೇ ದಾರಿಯಲ್ಲಿ ಮರಳುವುದಾಗಿ ಹೇಳಿದರು. ಕೆಡಿಸಿದವರೇ ತಗಡನ್ನು ಮೊದಲಿನಂತೆ ಮಾಡಿ 'ಟಪ್' ಅನ್ನಿಸಿದರೆ ಸಹಿ, ಇಲ್ಲವಾದರೆ ಬೇರೆಯವರನ್ನು ನೋಡಬೇಕಾದೀತು ಅಂದರು.

ಆ ಸಂಜೆ ಅಲ್ಲಾವುದ್ದೀನರಿಗೆ ಬಿಡಿಸಿ ಹೇಳಿದೆ. ಕರಿ ಎಂದರೆ ಹೊಲಸಲ್ಲ, ಅದೂ ನಿಕ್ಕಲ್ಲೇ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗುಪ್ಪೆ ಬಿದ್ದಿರುತ್ತದೆ. ನೀರು ಒಡೆಯುವ ಕೆಲಸ ನಡೆಯುವುದು ಲೋಹದ ಮೈಮೇಲೆ. ಲೋಹ ತಾನು ಸವೆಯದೆ ಆ ಕೆಲಸವನ್ನು ಬೇಗ ಮಾಡಿಸುತ್ತದೆ. ನಯವಾದ ತಗಡಿಗೆ ಮೈ ಕಡಿಮೆ, ಸಂದಿಗೊಂದಿ ತುಂಬಿದ ಕರಿಗೆ ಎಷ್ಟೋ ಪಟ್ಟು ಹೆಚ್ಚು. ಅವರು, ಬೇಸಿಗೆಯ ಎರೆಹೊಲದ ಹಾಗೆ ಮೈಯೆಲ್ಲ ಬಿರುಕು ಬಿಟ್ಟಿರಬೇಕೇನು ಎಂದು ಕೇಳಿದರು. ಹದಿನೈದು ವರ್ಷ ಕಲಿಸಿದ ಪಾಠ ಅಂದು ನನಗೆ ತಿಳಿಯಿತು. ಆಮೇಲೆ ಆ ಪಾಠ ಬಂದಾಗಲೆಲ್ಲ ಅದೇ ಹೊಲವನ್ನು ಉತ್ತೆ. ಬೆಳೆದದ್ದೆಲ್ಲ ಅವರ ಪುಣ್ಯ.

"ಹಂಗಾದ್ರ ನಿಮಗ ಸುಟ್ಟ ನಿಕ್ಕಲ್ ಬೇಕ್ರಿ," ಅಂದರು, ಯಾರದೋ ಸಾವಿನ ಸುದ್ದಿ ಹೇಳುವ ಧ್ವನಿಯಲ್ಲಿ. ಲೇಪ ಕೊಡುವಾಗ ಕರೆಂಟು ಮಿತಿಮೀರಿದರೆ ನಿಕ್ಕಲ್ ಹೊಳೆಯದೆ ಕರ್ರಗೆ, ಒರಟಾಗಿ ಕೂಡುತ್ತದಂತೆ. ಹುಬ್ಬಳ್ಳಿಯಲ್ಲಿ ಹಾಗೆ ಸುಟ್ಟವನು ಮರುದಿನ ಕೆಲಸಕ್ಕೆ ಬರಬೇಕಾಗಿರಲಿಲ್ಲವಂತೆ.

ಶುಕ್ರವಾರ ಮಧ್ಯಾಹ್ನ ಅವರ ಅಂಗಳಕ್ಕೆ ಹೋದೆ. ಹುಬ್ಬಳ್ಳಿಯಿಂದ ನಿಕ್ಕಲ್ ಉಪ್ಪು ಬಂದಿತ್ತು, ಯಾರದೋ ಟ್ರ್ಯಾಕ್ಟರಿನ ಬ್ಯಾಟರಿಯೂ ಬಂದಿತ್ತು. ಮೊದಲ ಸಲ ತಗಡು ಫಳಫಳ ಹೊಳೆಯಿತು. ಎರಡನೆಯ ಸಲವೂ. ಅಂಚು ಕರ್ರಗಾಗುವುದು ಕಂಡೊಡನೆ ಅವರ ಕೈ ತಾನಾಗಿ ತಂತಿ ಬಿಚ್ಚುತ್ತಿತ್ತು. ಮೂರನೆಯ ಸಲ ಹಲ್ಲು ಕಚ್ಚಿ ತಡೆದುಕೊಂಡರು. ಕರಿ ಚೆನ್ನಾಗಿ ಕೂತಿತು. ತಗಡನ್ನು ನೀರಲ್ಲಿ ಅದ್ದಿ ತೆಗೆದವರೇ ಹೆಗಲ ಮೇಲಿನ ಅರಿವೆಯಿಂದ ಗಸಗಸ ಒರೆಸಿಬಿಟ್ಟರು.

ಅವರ ಹೆಂಡತಿ ಜರೀನಾಬಿ ಗಂಡನಿಗೆ ತಮ್ಮ ಮಾತಿನಲ್ಲಿ ಅನ್ನುವುದನ್ನೆಲ್ಲ ಅಂದು, ನನಗೂ ತಿಳಿಯಲೆಂದು ಕನ್ನಡಕ್ಕೆ ಬಂದರು. "ನೋಡ್ರಿ ಅಕ್ಕಾರ, ಚಲೋ ಕೆಲಸ ಮಾಡಾಕ ಹತ್ತ ವರ್ಷ ಕಲತ್ರು. ಕೆಡಸಾಕ ಇನ್ನ ಎಷ್ಟ ವರ್ಷ ಬೇಕೋ ಏನೋ."

ಆಮೇಲೆ ಅರಿವೆಯನ್ನು ಕಿತ್ತುಕೊಂಡು ಅದರ ಮೇಲೆಯೇ ಕೂತರು. ನಾಲ್ಕನೆಯ ಸಲ ಅಲ್ಲಾವುದ್ದೀನರು ತಂತಿ ಜೋಡಿಸಿ ಗೋಡೆಯ ಕಡೆ ಮುಖ ತಿರುಗಿಸಿದರು. ಕರಿ ದಟ್ಟವಾಗುವುದನ್ನು ನೋಡಿಕೊಂಡವರು ಜರೀನಾಬಿ. ಅವರು ಸಾಕೆಂದ ಮೇಲೆಯೇ ಇವರು ಕಣ್ಣು ಮುಚ್ಚಿಕೊಂಡು ತಂತಿ ಬಿಚ್ಚಿದ್ದು. ತಗಡುಗಳನ್ನು ಒಯ್ಯುವ ಕೆಲಸವನ್ನು ನನಗೇ ಒಪ್ಪಿಸಿದರು.

ಶನಿವಾರ ತಗಡು ನೀರಿಗೆ ಇಳಿದದ್ದೇ ತಡ, ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ ಗುಳ್ಳೆ ಬುಸುಗುಟ್ಟಿದವು. 'ಟಪ್' ಎಂದದ್ದಕ್ಕೆ ಶಂಭುಲಿಂಗಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ನಗುತ್ತ ಮುಂದೆ ಬಂದು ಕಾಗದಕ್ಕೆ ಸಹಿ ಹಾಕಿದರು. ನನ್ನ ಕಣ್ಣು ಒದ್ದೆಯಾದವು. ಕಾಸ್ಟಿಕ್ಕಿನ ಘಾಟು ಎಂದು ಹುಡುಗರಿಗೆ ಹೇಳಿದೆ.

ಸಾಹೇಬರ ಉತ್ಸಾಹ ಸಹಿಗೆ ನಿಲ್ಲಲಿಲ್ಲ. ಒಂದು ಚೀಟಿ ಹರಿದುಕೊಂಡು ಅಲ್ಲಾವುದ್ದೀನರ ಕಡೆ ತಿರುಗಿದರು. "ಇವನ್ನ ಧಾರವಾಡದ ಪ್ರದರ್ಶನಕ್ಕ ಕಳಸೂಣು. ಮಾಡಿದವರು ಅಂತ ನಿಮ್ಮ ಹೆಸರು ಹೆಂಗ ಬರೀಲ್ರಿ?"

ಅಲ್ಲಾವುದ್ದೀನರು ಕರಿ ತಗಡುಗಳನ್ನು ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಹೆಸರ ಹಾಕಬ್ಯಾಡ್ರಿ ಸಾಹೇಬ್ರ. ನನ್ನ ಕೈಕೆಲಸ ಬಲ್ಲ ಮಂದಿ ಅಲ್ಲಿಗೂ ಬರ್ತಾರ."