ಒಳಗೆ ಬಿಟ್ಟ ಬಟ್ಟೆ

ಟೈಲರಣ್ಣನ ಕೊರಳಲ್ಲಿ ಅಳತೆಯ ಟೇಪು ಸದಾ ನೇತಾಡುತ್ತಿತ್ತು. ಬಸವಾಪಟ್ಟಣದ ಅಂಗಡಿಯಲ್ಲಿ ಮಾತ್ರವಲ್ಲ, ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯ ಬೆಂಚಿನ ಮೇಲೂ. ತೆಗೆದಿಡಿ ಎಂದರೆ, "ಇದಿಲ್ದಿದ್ರೆ ಕೊರಳು ಖಾಲಿ ಅನ್ನಿಸ್ತೈತೆ ಮೇಷ್ಟ್ರೇ" ಎನ್ನುತ್ತಿದ್ದರು.

ಮದುವೆಯ ಗೋಜಿಗೇ ಹೋಗದ ನಾನು ಸ್ಕೂಲು ಬಿಟ್ಟ ಮೇಲೆ ಅವರ ಅಂಗಡಿಯಲ್ಲೇ ಕೂರುತ್ತಿದ್ದೆ. ನನ್ನ ಪ್ಯಾಂಟುಗಳೆಲ್ಲ ಅವರು ಹೊಲಿದವೇ. ಸೊಂಟದ ಹಿಂದಿನ ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದರು. ಕಡ್ಡಿಯಂತಿರುವ ನನಗೇಕೆ ಇಷ್ಟೊಂದು ಎಂದು ರೇಗಿಸಿದರೆ, "ಇರ್ಲಿ ಬಿಡ್ರಿ, ಮುಂದೆ ದಪ್ಪ ಆಗಾಕೆ ಜಾಗ ಬೇಕಲ್ಲ" ಎಂದು ಹಲ್ಲಿನಲ್ಲಿ ದಾರ ಕಡಿಯುತ್ತಿದ್ದರು.

ಮೂತ್ರದಲ್ಲಿ ರಕ್ತ ಕಂಡದ್ದನ್ನು ಅವರು ಬಹಳ ದಿನ ಯಾರಿಗೂ ಹೇಳಲಿಲ್ಲ. ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯಲ್ಲೇ ಮಲಗುತ್ತಿದ್ದರು. ಗೊತ್ತಾಗುವ ಹೊತ್ತಿಗೆ ಮೂತ್ರಕೋಶದ ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ಆಸ್ಪತ್ರೆಯಲ್ಲಿ ಆಗ ಔಷಧಿಯ ಪ್ರಯೋಗವೊಂದು ನಡೆಯುತ್ತಿತ್ತು. ಕೆಲವರಿಗೆ ಎರಡು ಹೊಸ ಔಷಧಿ ಕೂಡಿಸಿ ಕೊಡುವುದು, ಉಳಿದವರಿಗೆ ಹಳೆಯ ಚಿಕಿತ್ಸೆ. ಯಾರಿಗೆ ಯಾವುದೆಂದು ಕಂಪ್ಯೂಟರ್ ಆರಿಸುತ್ತಿತ್ತು. ಟೈಲರಣ್ಣ ಒಪ್ಪಿ ಸೇರಿದರು. ಅವರಿಗೆ ಹಳೆಯದು ಬಂತು. ಅವರ ಜೊತೆಗೇ ಸೇರಿದ್ದ ಜಗಳೂರಿನ ಒಬ್ಬ ಲಾರಿ ಡ್ರೈವರನಿಗೆ ಹೊಸದು.

ಆಸ್ಪತ್ರೆಗೆ ಒಬ್ಬರೇ ಹೋಗಿ ಬರುತ್ತಿದ್ದರು. ಆಗಾಗ ಮೂತ್ರಕ್ಕೆ ಇಳಿಯಬೇಕಾದ್ದರಿಂದ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು. ಬಂದವರೇ ಮಿಷನ್ ಮುಂದೆ ಕೂತು ತಮ್ಮ ಪ್ಯಾಂಟಿನ ಸೊಂಟವನ್ನು ಇನ್ನಷ್ಟು ಸಣ್ಣ ಮಾಡಿಕೊಳ್ಳುತ್ತಿದ್ದರು. ನೋಡಲಾಗುತ್ತಿರಲಿಲ್ಲ.

ರಜೆಯಲ್ಲೊಮ್ಮೆ ನಾನೂ ಜೊತೆಗೆ ಹೋದೆ. ಆ ಡ್ರೈವರ್ ಚೀಲದಿಂದ ಒಂದು ಪ್ಯಾಂಟು ತೆಗೆದು, ಸಂಕೋಚದಿಂದ ಕೇಳಿದ: "ಅಣ್ಣಾರೆ, ಸೊಂಟ ಬಿಗಿ ಆಗೈತೆ. ಸ್ವಲ್ಪ ಲೂಸ್ ಮಾಡಿ ಕೊಡ್ತೀರಾ?"

ಟೈಲರಣ್ಣ ಬೆಂಚಿನ ಮೇಲೇ ಹೊಲಿಗೆ ಬಿಚ್ಚಿ, ಅಳೆದು, ಕೈಯಲ್ಲೇ ಹೊಲಿದರು. "ಮೈ ಹಿಡೀತಲ್ಲ ಮಾರಾಯ!" ಎಂದು ಅವನ ಬೆನ್ನು ತಟ್ಟಿದರು. ನನಗೆ ಹೊಟ್ಟೆ ಉರಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ, "ನಿಮಗೆ ಬೇಜಾರಿಲ್ವಾ?"

ಅವರು ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದರು: "ಐತೆ. ಇಲ್ಲ ಅಂದ್ರೆ ಸುಳ್ಳಾಗ್ತೈತೆ. ಆದ್ರೆ ಮೇಷ್ಟ್ರೇ, ಯಾರಿಗಾದ್ರೂ ಹಳೇದು ಕೊಟ್ಟು ನೋಡ್ದಿದ್ರೆ ಹೊಸದು ಮೇಲು ಅಂತ ಹೆಂಗೆ ಗೊತ್ತಾಗ್ಬೇಕು?"

ಚನ್ನಗಿರಿಯಲ್ಲಿ ಇಳಿಯುವಾಗ ಅವರ ಚೀಲವನ್ನು ನಾನೇ ಎತ್ತಿಕೊಂಡೆ.

ಮುಂದಿನ ಬೇಸಿಗೆಗೆ ಹೋಗಿಬಿಟ್ಟರು. ಟೇಪನ್ನು ಕೊರಳಲ್ಲೇ ಬಿಟ್ಟು ಮಣ್ಣು ಮಾಡಿದೆವು.

ಕೆಲವು ವರ್ಷ ಕಳೆದು, ಈಗ ಅದೇ ಕಾಯಿಲೆ ನನಗೆ. ಅದೇ ಆಸ್ಪತ್ರೆ, ಬಾಗಿಲ ಪಕ್ಕದ ಅದೇ ಸೀಟು, ನಾನೂ ಒಬ್ಬನೇ. ಡಾಕ್ಟರು ಆ ಎರಡು ಹೊಸ ಔಷಧಿ ಕೂಡಿಸಿ ಬರೆದಾಗ, "ಕಂಪ್ಯೂಟರ್ ಆರಿಸೋದಿಲ್ವಾ?" ಎಂದೆ.

"ಈಗ್ಯಾಕ್ರೀ? ಇದೇ ಮೇಲು ಅಂತ ಗೊತ್ತಾಯ್ತಲ್ಲ" ಎಂದರು.

ಹೋದ ವಾರ ನನ್ನ ಹಳೆಯ ಪ್ಯಾಂಟು ಬಿಗಿಯಾಯಿತು. ಲೂಸ್ ಮಾಡಿಸಲು ಅಂಗಡಿಯ ಕಡೆ ಹೊರಟವನು ದಾರಿಯಲ್ಲಿ ಅವರಿಲ್ಲವೆಂದು ನೆನಪಾಗಿ ನಿಂತೆ. ಮನೆಗೆ ಬಂದು ನಾನೇ ಬ್ಲೇಡು ಹಿಡಿದು ಹಿಂದಿನ ಹೊಲಿಗೆ ಬಿಚ್ಚಿದೆ. ಅವರು ಬಿಟ್ಟ ಬಟ್ಟೆ ಒಳಗಿತ್ತು. ಬಿಸಿಲು ಕಾಣದೆ ಅದರ ಬಣ್ಣ ಹೊಸದರಂತೆಯೇ ಉಳಿದಿತ್ತು. ಅದನ್ನು ಹಿಡಿದುಕೊಂಡು ಒಬ್ಬನೇ ಕೂತು ಅತ್ತೆ.