ಆಳಂದದ ಅಂಗಡಿಯಲ್ಲಿ ನಾನು ತಿದ್ದಿದ ಇಂಗ್ಲಿಷ್

ನಾನು ಓದಿದ್ದು ಮೂರನೆಯ ಇಯತ್ತೆ. ಆದರೂ ನಮ್ಮೂರು ಸರಸಂಬಾದಲ್ಲಿ ನನಗೆ ತಿಳಿಯದ ಸಂಗತಿಯೇ ಇಲ್ಲ ಎಂಬಂತೆ ಓಡಾಡುತ್ತಿದ್ದವನು. ನನ್ನ ತಮ್ಮ ಕಲಬುರ್ಗಿಯಲ್ಲಿದ್ದು ಮೆಟ್ರಿಕ್ ಮುಗಿಸಿ ಬಂದಿದ್ದ.

ಎರಡನೆಯ ಮಹಾಯುದ್ಧದ ಕಾಲ. ಆಳಂದದಲ್ಲಿ ದಲಾಲಿ ವ್ಯವಹಾರದ ಅಡತಿ ಅಂಗಡಿಗೆ ಹತ್ತಿ ಖರೀದಿಗೆ ಬಂದ ಸೊಲ್ಲಾಪುರದ ವ್ಯಾಪಾರಿಯೊಬ್ಬರಿಗೆ ಟೆಲಿಫೋನು, ತಂತಿ-ತಾರು ನೋಡಿಕೊಳ್ಳಲು ಇಂಗ್ಲಿಷ್ ಬಲ್ಲ ಗುಮಾಸ್ತ ಬೇಕಾಗಿದ್ದ. ತಮ್ಮನಿಗೆ ಆ ನೌಕರಿಯ ಮೇಲೆ ಜೀವ. ಬದುವಿನ ಮೇಲೆ ಅಡ್ಡಾಡುತ್ತ ‘ಬೈ ಟೆಲಿಗ್ರಾಂ, ಆನ್ ದ ಟೆಲಿಫೋನ್, ಆನ್ ದ ರೇಡಿಯೋ’ ಎಂದು ಗಟ್ಟಿ ಮಾಡುತ್ತಿದ್ದ. ನನಗೆ ಬರುತ್ತಿದ್ದುದು ಅವನ ಹಳೆಯ ಪುಸ್ತಕದ ಮೊದಲ ಪುಟವಷ್ಟೇ: ಬೆಕ್ಕು ಮೇಜಿನ ಮೇಲಿದ್ದರೆ ಆನ್, ಪೆಟ್ಟಿಗೆಯೊಳಗಿದ್ದರೆ ಇನ್.

ಅವನನ್ನು ಅಂಗಡಿಗೆ ನಾನೇ ಕರೆದುಕೊಂಡು ಹೋದೆ. ವ್ಯಾಪಾರಿ ಕುಳಿತಿದ್ದ ಗಾದಿಯ ಸುತ್ತ ಆಳಂದದ ನಾಲ್ಕು ಮಂದಿ ಕುಳಿತಿದ್ದರು.

“ದರ ಟೆಲಿಫೋನಿನ್ಯಾಗ ತಿಳೀತು ಅನ್ನೂದು ಇಂಗ್ಲಿಷಿನ್ಯಾಗ ಹೆಂಗ ಹೇಳ್ತಿ?” ಎಂದು ವ್ಯಾಪಾರಿ ಕೇಳಿದರು.

ತಮ್ಮ ‘ಆನ್’ ಎನ್ನುವಷ್ಟರಲ್ಲಿ ನಾನು ಬಾಯಿ ಹಾಕಿದೆ. “ಟೆಲಿಫೋನಿನ ಮ್ಯಾಲ ಏರಿ ಕುಂಡ್ರತೀಯೇನ್ಲೇ? ಇನ್ ಅನ್ನು!”

ಎಲ್ಲರೂ ನಕ್ಕರು. ನನಗೆ ಹಿಗ್ಗು.

“ಯಾವುದು ಖರೇ?” ವ್ಯಾಪಾರಿ ಅವನನ್ನೇ ಕೇಳಿದರು.

ತಮ್ಮ ನನ್ನ ಮುಖ ನೋಡಿದ. “ಅಣ್ಣ ಅಂದದ್ದೇ ಖರೇರಿ.”

“ಹುಡುಗ ಛಲೋ ಅದಾನ. ಇಂಗ್ಲಿಷ್ ಇನ್ನಾ ಕಚ್ಚಾ ಅದ,” ಎಂದು ವ್ಯಾಪಾರಿ ಮಾತು ಮುಗಿಸಿದರು.

ಹಿಂದಿರುಗುವಾಗ ಬಂಡಿಯಲ್ಲಿ ಕೇಳಿದೆ. “ಆನ್ ಅನ್ನೂದೇ ಬರೋಬ್ಬರಿ ಇತ್ತೇನು?”

“ಹೌದಣ್ಣಾ.”

“ಗೊತ್ತಿದ್ದೂ ನಂದೇ ಖರೇ ಅಂದೆಲ್ಲೋ!”

“ನಾಕ್ ಮಂದ್ಯಾಗ ನಿನ್ನ ಮಾತು ತಪ್ಪಂತ ಹೆಂಗ ಅನ್ನಲಿ?”

“ನಾಳೆ ಹೋಗಿ ನಾನೇ ಹೇಳ್ತೇನಿ, ಬಿಡು,” ಎಂದೆ.

ಹೋಗಲಿಲ್ಲ. ವ್ಯಾಪಾರಿ ಇನ್ನೂ ಆಳಂದದಲ್ಲೇ ಇದ್ದರು. ಮರುದಿನ ಎತ್ತಿಗೆ ಲಾಳ ಹೊಡೆಸಬೇಕೆಂದೆ. ಅದರ ಮರುದಿನ ಇನ್ನೇನೋ ನೆವ. ಇಂಗ್ಲಿಷ್ ಬಾರದ್ದು ನನ್ನ ತಪ್ಪಲ್ಲ. ಆ ನಾಲ್ಕು ಮಂದಿ ಈಗ ನನ್ನನ್ನು ನೋಡಿ ನಗುತ್ತಾರೆಂದು ಮನೆಯಲ್ಲೇ ಕುಳಿತದ್ದು ನನ್ನ ತಪ್ಪು. ತಮ್ಮ ಮತ್ತೊಮ್ಮೆ ನೆನಪಿಸಲಿಲ್ಲ. ಬದುವಿನ ಮೇಲೆ ಗಟ್ಟಿ ಮಾಡುವುದನ್ನೂ ಬಿಟ್ಟ. ಆಮೇಲೆ ನರೋಣಾ ಎಂಬ ಊರಿನಲ್ಲಿ ಮಕ್ಕಳಿಗೆ ಕಲಿಸಲು ಹೋದ.

ಮುಂದಿನ ಸುಗ್ಗಿಗೆ ಹತ್ತಿ ಹೇರಿಕೊಂಡು ಹೋದಾಗ ಅದೇ ಗಾದಿ, ಅದೇ ಮಂದಿ, ಅದೇ ವ್ಯಾಪಾರಿ. ಈ ಸಲ ಹೇಳಿಬಿಟ್ಟೆ. “ಅವತ್ತು ನನ್ನ ತಮ್ಮಂದೇ ಖರೇ ಇತ್ತುರಿ. ನಾನೇ ಬಾಯಿ ಹಾಕಿ ಕೆಡಿಸಿದೆ.”

ಯಾರೂ ನಗಲಿಲ್ಲ. ನಾನು ಅಷ್ಟು ದಿನ ಹೆದರಿದ್ದ ನಗು ಬರಲೇ ಇಲ್ಲ.

“ಆವಾಗೇ ಅಂದಿದ್ರ ಅವನ್ನಽ ನೌಕರಿಗೆ ಕರಕೊಂಡು ಹೋಗ್ತಿದ್ದೆನಲ್ರೀ,” ಎಂದರು ವ್ಯಾಪಾರಿ. ಅವರ ಪಕ್ಕದಲ್ಲಿ ಹೊಸ ಗುಮಾಸ್ತ ತಾರಿನ ಕಾಗದ ಹಿಡಿದು ನಿಂತಿದ್ದ.